ಮಧ್ಯಾಹ್ನ ಮಾತ್ರ ಹೋಗುತ್ತಿದ್ದ ಇಂಟರ್ನೆಟ್: ಕೇಬಲ್ ಮೋಡೆಮ್ ಜೊತೆ ನನ್ನ ಅನುಭವ

ಇಂಟರ್ನೆಟ್ ಹೋದ ಕೂಡಲೇ ಮೋಡೆಮ್ ಆಫ್ ಮಾಡಬೇಡಿ. ಮೊದಲು ಅದರ ಮುಂದೆ ಕೂತು ಲೈಟ್ ನೋಡಿ. ಆಫ್ ಮಾಡಿದರೆ ಆ ಹೊತ್ತಿನ ಸಿಗ್ನಲ್ ಅಂಕಿಗಳು ಹೋಗಿಬಿಡುತ್ತವೆ. ದೋಷ ಎಲ್ಲಿದೆ ಅಂತ ಹೇಳುವುದು ಅವೇ.

ನಮ್ಮ ಮನೆ ಕಲಬುರಗಿಯಲ್ಲಿ, ಜೇವರ್ಗಿ ರಸ್ತೆಯ ಕಡೆ. ಟಿವಿಗೂ ಇಂಟರ್ನೆಟ್‌ಗೂ ಕಂಬದಿಂದ ಬರುವ ಒಂದೇ ಕರಿ ಕೇಬಲ್. ಮೇ ತಿಂಗಳಲ್ಲಿ ದಿನಾ ಹನ್ನೆರಡು ದಾಟಿದ ಮೇಲೆ ಇಂಟರ್ನೆಟ್ ಹೋಗುತ್ತಿತ್ತು. ಹೊತ್ತು ಮುಳುಗಿದ ಮೇಲೆ ತಾನಾಗೇ ಬರುತ್ತಿತ್ತು. ಟಿವಿ ಮಾತ್ರ ಇಡೀ ದಿನ ಚೆನ್ನಾಗಿ ಬರುತ್ತಿತ್ತು. ಕೇಬಲ್‌ನವರ ಹುಡುಗ ಬಂದು ನೋಡಿ, "ಮೋಡೆಮ್ ಹೋಗ್ಯಾದ್ರಿ ಸರ್, ಹೊಸಾದು ತಗೊಳ್ರಿ" ಅಂದ. ಮೋಡೆಮ್ ಕೆಟ್ಟಿದ್ದರೆ ರಾತ್ರಿ ಹೇಗೆ ನಡೆಯುತ್ತದೆ ಅಂತ ನನಗೆ ಅನಿಸಿತು. ಇನ್ನೊಂದು ಮಾತು. ಅಂಗಡಿಯಿಂದ ಹೊಸ ಮೋಡೆಮ್ ತಂದು ಸುಮ್ನೆ ಹಚ್ಚಿದರೆ ಅದು ನಡೆಯುವುದಿಲ್ಲ. ಪ್ರತಿ ಮೋಡೆಮ್‌ಗೂ ಮ್ಯಾಕ್ ಅಡ್ರೆಸ್ ಅಂತ ಒಂದು ಗುರುತು ಇರುತ್ತದೆ. ಅದನ್ನು ಆಪರೇಟರ್ ತಮ್ಮ ಕಡೆ ಸೇರಿಸಿಕೊಂಡ ಮೇಲೇ ಇಂಟರ್ನೆಟ್ ಬರುವುದು.

ಮೊದಲು ವೈಫೈ ದೋಷವೋ ಲೈನ್ ದೋಷವೋ ನೋಡಬೇಕಿತ್ತು. ಲ್ಯಾನ್ ವೈರಿನಿಂದ ಲ್ಯಾಪ್‌ಟಾಪನ್ನು ನೇರ ಮೋಡೆಮ್‌ಗೆ ಹಚ್ಚಿದೆ. ಆಗಲೂ ಇಂಟರ್ನೆಟ್ ಇಲ್ಲ. ಅಲ್ಲಿಗೆ ವೈಫೈ ಪ್ರಶ್ನೆ ಮುಗಿಯಿತು.

ಇನ್ನು ಲೈಟ್‌ಗಳು. ಕೇಬಲ್ ಮೋಡೆಮ್ ಆನ್ ಆದಾಗ ಒಂದು ಕ್ರಮದಲ್ಲಿ ಕೆಲಸ ಮಾಡುತ್ತದೆ. ಮೊದಲು ಆಪರೇಟರ್ ಕಡೆಯಿಂದ ಬರುವ ಸಿಗ್ನಲ್ ಹುಡುಕುತ್ತದೆ. ಆಗ ಡಿಎಸ್ (ಡೌನ್‌ಸ್ಟ್ರೀಮ್) ಲೈಟ್ ಮಿನುಗುತ್ತದೆ. ಅದು ಸಿಕ್ಕ ಮೇಲೆ ತಾನು ತಿರುಗಿ ಕೂಗಿ, "ಕೇಳಿಸ್ತಾ?" ಅಂತ ವಿಚಾರಿಸುತ್ತದೆ. ಅದು ಯುಎಸ್ (ಅಪ್‌ಸ್ಟ್ರೀಮ್) ಲೈಟ್. ಉತ್ತರ ಬಂದರೆ ಐಪಿ ವಿಳಾಸ, ಸೆಟ್ಟಿಂಗ್ ಫೈಲ್ ತರಿಸಿಕೊಂಡು ಆನ್‌ಲೈನ್ ಲೈಟ್ ಹಚ್ಚುತ್ತದೆ. ಯಾವ ಲೈಟ್ ಮಿನುಗುತ್ತಾ ನಿಂತಿದೆಯೋ ಕೆಲಸ ಅಲ್ಲೇ ನಿಂತಿದೆ ಅಂತ ತಿಳಿಯಿರಿ. ನಮ್ಮದರಲ್ಲಿ ಡಿಎಸ್ ನೆಟ್ಟಗೆ ಉರಿಯುತ್ತಿತ್ತು, ಯುಎಸ್ ಮಿನುಗುತ್ತಿತ್ತು. ಅಂದರೆ ಮೋಡೆಮ್‌ಗೆ ಕೇಳಿಸುತ್ತಿದೆ, ಅದರ ಮಾತು ಆಪರೇಟರ್ ಕಡೆ ಮುಟ್ಟುತ್ತಿಲ್ಲ.

ಇಂಟರ್ನೆಟ್ ಇಲ್ಲದಿದ್ದರೂ ಮೋಡೆಮ್‌ನ ಒಳಗಿನ ಪುಟ ತೆರೆಯುತ್ತದೆ. ಬ್ರೌಸರ್‌ನಲ್ಲಿ 192.168.100.1 ಅಂತ ಹೊಡೆದರೆ ಸಾಕು, ಹೆಚ್ಚಿನ ಕೇಬಲ್ ಮೋಡೆಮ್‌ಗಳಲ್ಲಿ ಇದೇ ವಿಳಾಸ. ಅಲ್ಲಿ ನೋಡಬೇಕಾದದ್ದು ಮೂರೇ ಅಂಕಿ. ಬರುವ ಸಿಗ್ನಲ್‌ನ ಬಲ ಮೈನಸ್ 7ರಿಂದ ಪ್ಲಸ್ 7 ಡಿಬಿಎಂವಿ (ಕೇಬಲ್ ಸಿಗ್ನಲ್‌ನ ಬಲ ಅಳೆಯುವ ಮಾನ) ಒಳಗೆ ಇದ್ದರೆ ಒಳ್ಳೆಯದು. ಎಸ್‌ಎನ್‌ಆರ್, ಅಂದರೆ ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಅನ್ನುವುದು, 33 ಡಿಬಿಗಿಂತ ಜಾಸ್ತಿ ಇರಬೇಕು. ಮೋಡೆಮ್ ತಾನು ಕಳಿಸುವ ಬಲ 50 ಡಿಬಿಎಂವಿ ಹತ್ತಿರ ಹೋಗಬಾರದು. ಈ ಮೂರನೆಯದನ್ನು ಜನ ತಪ್ಪು ತಿಳಿಯುತ್ತಾರೆ. ಅಂಕಿ ಜಾಸ್ತಿ ಇದ್ದರೆ ಚೆನ್ನಾಗಿದೆ ಅಂತ ಅರ್ಥ ಅಲ್ಲ. ದಾರಿಯಲ್ಲಿ ಸಿಗ್ನಲ್ ಸೋರುತ್ತಿದೆ, ಅದಕ್ಕೇ ಮೋಡೆಮ್ ಜೋರಾಗಿ ಕೂಗಬೇಕಾಗಿದೆ ಅಂತ ಅರ್ಥ.

ನಮ್ಮಲ್ಲಿ ಬರುವ ಬಲ ಮೈನಸ್ 11, ಎಸ್‌ಎನ್‌ಆರ್ 31, ಕಳಿಸುವ ಬಲ 52. ಲಾಗ್ ತುಂಬ ಟಿ3 ಟೈಮ್‌ಔಟ್. ಕೂಗಿದೆ, ಉತ್ತರ ಬರಲಿಲ್ಲ ಅನ್ನುವುದೇ ಅದರ ಅರ್ಥ. ಕೆಲವು ಸಾಲುಗಳ ಮುಂದೆ 1970ರ ಜನವರಿ 1 ಅಂತ ತಾರೀಖು ಇತ್ತು. ಅದಕ್ಕೆ ಗಾಬರಿ ಬೇಡ. ಮೋಡೆಮ್‌ಗೆ ಗಡಿಯಾರ ಇಲ್ಲ. ಲೈನ್ ಸಿಕ್ಕ ಮೇಲೆ ಸಮಯ ತರಿಸಿಕೊಳ್ಳುತ್ತದೆ, ಅಲ್ಲಿಯವರೆಗೆ ಆ ತಾರೀಖೇ ಬೀಳುತ್ತದೆ.

ಈಗ ದೋಷ ಮನೆಯೊಳಗಿದೆಯೋ ಹೊರಗಿದೆಯೋ ನೋಡಬೇಕು. ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಉಪಾಯ ಅಂದರೆ ಮೋಡೆಮನ್ನೇ ಎತ್ತಿಕೊಂಡು ಹೋಗುವುದು. ಎಕ್ಸ್‌ಟೆನ್ಶನ್ ಬೋರ್ಡ್ ಎಳೆದುಕೊಂಡು ಮಾಳಿಗೆ ಹತ್ತಿದೆ. ಉರಿ ಬಿಸಿಲು, ಕಾಲಿಡಲು ಆಗದಷ್ಟು ಕಾದ ಮಾಳಿಗೆ. ಆದರೂ ದೋಷ ಬರುವ ಹೊತ್ತಿನಲ್ಲೇ ನೋಡಬೇಕು, ರಾತ್ರಿ ತಂಪಿನಲ್ಲಿ ನೋಡಿದರೆ ಏನೂ ಸಿಗುವುದಿಲ್ಲ. ಕಂಬದಿಂದ ಬಂದ ಕೇಬಲ್ಲನ್ನು ಸ್ಪ್ಲಿಟರ್‌ನಿಂದ, ಅಂದರೆ ಒಂದು ಕೇಬಲ್ಲನ್ನು ಟಿವಿಗೂ ಮೋಡೆಮ್‌ಗೂ ಹಂಚುವ ಡಬ್ಬಿಯಿಂದ, ಬಿಚ್ಚಿ ನೇರ ಮೋಡೆಮ್‌ಗೆ ತಿರುಗಿಸಿದೆ. ಬರುವ ಬಲ ಪ್ಲಸ್ 1, ಎಸ್‌ಎನ್‌ಆರ್ 37, ಕಳಿಸುವ ಬಲ 42. ಆನ್‌ಲೈನ್ ಲೈಟ್ ಹತ್ತಿತು. ಮೋಡೆಮ್ ಸರಿ ಇದೆ, ಕಂಬದ ಲೈನೂ ಸರಿ ಇದೆ. ದೋಷ ಮಾಳಿಗೆಯಿಂದ ಕೋಣೆವರೆಗಿನ ದಾರಿಯಲ್ಲಿದೆ.

ಅಲ್ಲಿ ಎರಡು ಸಂಗತಿ ಸಿಕ್ಕವು. ಒಂದು, ಆ ಸ್ಪ್ಲಿಟರ್‌ಗೆ ನಾಲ್ಕು ಬಾಯಿ. ನಾವು ಬಳಸುತ್ತಿದ್ದದ್ದು ಎರಡು. ನಾಲ್ಕು ಬಾಯಿಯ ಸ್ಪ್ಲಿಟರ್ ಪ್ರತಿ ಬಾಯಿಗೂ ಸುಮಾರು 7 ಡಿಬಿ ತಿನ್ನುತ್ತದೆ, ಎರಡು ಬಾಯಿಯದು ಸುಮಾರು 3.5. ಮೂರು ಡಿಬಿ ಹೋಯಿತು ಅಂದರೆ ಬಲ ಅರ್ಧ ಆಯಿತು ಅಂತ ಲೆಕ್ಕ.

ಎರಡನೆಯದು ನಿಜವಾದ ಕಳ್ಳ. ಮೋಡೆಮ್ ಕಡೆ ಹೋಗುವ ಕೇಬಲ್ಲಿನ ಪಿನ್ (ತುದಿಯ ಕನೆಕ್ಟರ್) ಬಿಚ್ಚಿದರೆ ಸಿಪ್ಪೆಯ ಕೆಳಗಿನ ಹೆಣಿಗೆಯ ತಂತಿ ಪುಡಿಪುಡಿ, ನಡುವಿನ ತಂತಿಗೆ ಕಿಲುಬು. ಆರ್‌ಜಿ6 ಅನ್ನುವ ಈ ಬಗೆಯ ಕೇಬಲ್ಲುಗಳಲ್ಲಿ ನಡುವಿನದು ಹೆಚ್ಚಾಗಿ ಉಕ್ಕಿನ ತಂತಿ, ಮೇಲೆ ತಾಮ್ರದ ಪದರ ಅಷ್ಟೇ. ತಾಮ್ರ ಹೋದರೆ ಒಳಗೆ ತುಕ್ಕು. ಬಿಸಿಲಿಗೆ ಕೇಬಲ್ಲಿನ ಸಿಪ್ಪೆ ಬಿರುಕು ಬಿಟ್ಟಿತ್ತು, ಅದರಿಂದ ಹಿಂದಿನ ಮಳೆಯ ನೀರು ಇಳಿದಿತ್ತು. ಮಧ್ಯಾಹ್ನ 40 ಡಿಗ್ರಿ ದಾಟಿದಾಗ ಎಲ್ಲ ಹಿಗ್ಗಿ ಆ ಸಡಿಲ ಪಿನ್ ಸಂಪರ್ಕ ಬಿಡುತ್ತಿತ್ತು, ರಾತ್ರಿ ತಂಪಾದಾಗ ಮತ್ತೆ ಕೂಡುತ್ತಿತ್ತು. ಕೇಬಲ್ ಕಾದಷ್ಟೂ ಸಿಗ್ನಲ್ ತಿನ್ನುವುದು ಜಾಸ್ತಿ, ಅದೂ ಸೇರಿತು. ಡಿಎಸ್ ನೆಟ್ಟಗಿದ್ದು ಯುಎಸ್ ಮಾತ್ರ ನಿಂತದ್ದೂ ಇದರಿಂದಲೇ. ಬರುವ ಸಿಗ್ನಲ್ ಮೇಲಿನ ಫ್ರೀಕ್ವೆನ್ಸಿಯಲ್ಲಿ ಇರುತ್ತದೆ, ನಡುವಿನ ತಂತಿ ಕೂದಲೆಳೆಯಷ್ಟು ಬಿಟ್ಟಿದ್ದರೂ ಹೇಗೋ ದಾಟುತ್ತದೆ. ಮೋಡೆಮ್ ತಿರುಗಿ ಕಳಿಸುವುದು ಕೆಳಗಿನ ಫ್ರೀಕ್ವೆನ್ಸಿಯಲ್ಲಿ, ಸಾಮಾನ್ಯವಾಗಿ 65 ಮೆಗಾಹರ್ಟ್ಜ್‌ಗಿಂತ ಕೆಳಗೆ. ಅಂಥ ಸಂದನ್ನು ಅದು ದಾಟುವುದು ಕಷ್ಟ. ಇನ್ನು ಟಿವಿಗೆ ಹೋಗುವುದು ಬೇರೆ ತುಂಡು, ಅದರ ಪಿನ್ ಗಟ್ಟಿಯಾಗಿತ್ತು. "ಟಿವಿ ಬರ್ತದಲ್ರಿ, ಲೈನ್ ಸರಿ ಅದ" ಅನ್ನುವ ಮಾತನ್ನು ಅದಕ್ಕೇ ನಂಬಬಾರದು.

ಕೆಟ್ಟ ತುದಿಯನ್ನು, ತಾಮ್ರ ಹೊಳೆಯುವ ಜಾಗ ಸಿಗುವವರೆಗೆ ಕತ್ತರಿಸಿದೆ. ಹೆಣಿಗೆಯನ್ನು ಹಿಂದಕ್ಕೆ ಮಡಚಿದೆ. ಅದರ ಒಂದು ಎಳೆಯೂ ನಡುವಿನ ತಂತಿಗೆ ತಾಗಬಾರದು, ಇದರಲ್ಲಿ ಅವಸರ ಬೇಡ. ಒತ್ತಿ ಕೂರಿಸುವ ಕಂಪ್ರೆಷನ್ ಪಿನ್ ಹಾಕಿದೆ. ತಿರುಗಿಸಿ ಕೂರಿಸುವ ಅಗ್ಗದ ಪಿನ್ ಮಾಳಿಗೆಯ ಮೇಲೆ ಬಾಳುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ನಡುವಿನ ತಂತಿ ಪಿನ್ನಿನ ಅಂಚಿಗಿಂತ ಸುಮಾರು 3 ಮಿಲಿಮೀಟರ್ ಹೊರಗೆ ಇರಬೇಕು. ಸ್ಪ್ಲಿಟರ್ ಎರಡು ಬಾಯಿಯದು ತಂದೆ. ಅದರ ಮೇಲೆ 5–1000 ಮೆಗಾಹರ್ಟ್ಜ್ ಅಂತ ಬರೆದಿರುವುದನ್ನು ನೋಡಿಯೇ ತೆಗೆದುಕೊಳ್ಳಿ. ಕೆಳಗಿನ ಅಂಕಿ 5 ಇಲ್ಲದಿದ್ದರೆ ಮೋಡೆಮ್‌ನ ಕೂಗು ಅಲ್ಲೇ ನಿಲ್ಲಬಹುದು. ಟಿವಿಗೆ ಅಂತ ಹಾಕುವ ಒಮ್ಮುಖ ಬೂಸ್ಟರ್‌ನದೂ ಇದೇ ಕಥೆ. ಎಲ್ಲವನ್ನೂ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ನೆರಳಿನ ಗೋಡೆಗೆ ಬಡಿದೆ. ಕೇಬಲ್ಲನ್ನು ಡಬ್ಬಿಗಿಂತ ಕೆಳಗೆ ಬಾಗಿಸಿ ಮೇಲಕ್ಕೆ ತಂದೆ. ಮಳೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹೋಗುವುದಿಲ್ಲ.

ಕೆಳಗೆ ಕೋಣೆಯಲ್ಲಿ ಈಗ ಬರುವ ಬಲ ಮೈನಸ್ 6, ಎಸ್‌ಎನ್‌ಆರ್ 36, ಕಳಿಸುವ ಬಲ 46. ಮಧ್ಯಾಹ್ನವೂ ಅಷ್ಟೇ ನಿಂತಿದೆ.

ಇಷ್ಟು ಮಾಡಿದ್ದು ನಮ್ಮ ಮನೆಗೆ ಮಾತ್ರ ಅಲ್ಲ. ಸಡಿಲ ಪಿನ್ನು, ತೆರೆದ ಬಾಯಿಗಳಿಂದ ಹೊರಗಿನ ಗದ್ದಲ ಕೇಬಲ್ಲಿನೊಳಗೆ ನುಗ್ಗುತ್ತದೆ. ಎಲ್ಲ ಮನೆಗಳಿಂದ ಮೇಲೆ ಹೋಗುವ ದಾರಿ ಒಂದೇ ಕಡೆ ಕೂಡುವುದರಿಂದ ಒಬ್ಬರ ಮನೆಯ ಗದ್ದಲ ಓಣಿಗೆಲ್ಲ ತೊಂದರೆ ಕೊಡುತ್ತದೆ. ಸ್ಪ್ಲಿಟರ್‌ನಲ್ಲಿ ಬಾಯಿ ಖಾಲಿ ಉಳಿದರೆ 75 ಓಮ್‌ನ ಮುಚ್ಚಳ ಹಾಕಿ.

ಪಕ್ಕದ ಮನೆ ಕಾಕಾ ಅವರಲ್ಲೂ ಇದೇ ದೂರು ಇತ್ತು. "ನಮ್ಮದೂ ಒಮ್ಮೆ ನೋಡಪಾ" ಅಂದರು. ಅಲ್ಲಿ ಮಾಳಿಗೆಯ ಮೇಲೇ, ನೇರ ಹಚ್ಚಿದಾಗಲೂ ಅಂಕಿ ಕೆಟ್ಟಿತ್ತು. ಅಂದರೆ ಕಂಬದ ಕಡೆಯ ದೋಷ. ಕಂಬ ಹತ್ತುವುದು ನಮ್ಮ ಕೆಲಸ ಅಲ್ಲ, ಅಲ್ಲಿ ಕರೆಂಟ್ ತಂತಿಗಳೂ ಇರುತ್ತವೆ. ಆಪರೇಟರ್‌ಗೆ ಫೋನ್ ಮಾಡಿ, "ಇಂಟರ್ನೆಟ್ ಬರ್ಲಿಕತ್ತಿಲ್ಲ" ಅನ್ನುವ ಬದಲು ಮಾಳಿಗೆಯ ಮೇಲಿನ ಮೂರೂ ಅಂಕಿ ಓದಿ ಹೇಳಿಸಿದೆ. ಈ ಸಲ ಹುಡುಗ ಹೊಸ ಮೋಡೆಮ್ ಮಾತು ಎತ್ತಲಿಲ್ಲ. ಏಣಿ ತಂದು ಕಂಬದ ಡಬ್ಬಿ ತೆರೆದು, ಅಲ್ಲಿನ ಪಿನ್ ಬದಲಿಸಿ ಹೋದ.