ಹೊಲ ಮಾರುವ ಕಕ್ಷಿದಾರರು ಬಂದರೆ ಮೊದಲು ದೂರ ಅಳೆಯಿರಿ

ವಕೀಲ ಮಿತ್ರರೇ, ಪಟ್ಟಣದ ಪಕ್ಕದ ಜಮೀನು ಮಾರಲು ರೈತ ಕುಟುಂಬ ಬಂದರೆ, ಕ್ರಯಪತ್ರಕ್ಕೆ ಕೈಹಾಕುವ ಮೊದಲು ಪುರಸಭೆ ಅಥವಾ ನಗರಸಭೆಯ ಗಡಿಯಿಂದ ಹೊಲದವರೆಗೆ ಮೊಬೈಲ್ ನಕ್ಷೆಯಲ್ಲಿ ನೇರ ಗೆರೆ ಎಳೆದು ನೋಡಿ. ಬಸ್ ನಿಲ್ದಾಣದಿಂದಲ್ಲ, ರಸ್ತೆಯ ಸುತ್ತುದಾರಿಯೂ ಅಲ್ಲ. ಆದಾಯ ತೆರಿಗೆ ಕಾನೂನು ಕೇಳುವುದು ವೈಮಾನಿಕ ದೂರವನ್ನು. ಪ್ರಕಟವಾದ ಜನಗಣತಿಯಂತೆ ಊರಿನ ಜನಸಂಖ್ಯೆ 10 ಸಾವಿರ ಮೀರಿ 1 ಲಕ್ಷದೊಳಗಿದ್ದರೆ 2 ಕಿ.ಮೀ., 10 ಲಕ್ಷದವರೆಗೆ 6, ಅದಕ್ಕೂ ಮೇಲಿದ್ದರೆ 8. ಇಷ್ಟು ದಾಟಿದ ಕೃಷಿಭೂಮಿ ಆದಾಯ ತೆರಿಗೆಯ ಕಣ್ಣಿಗೆ ಬಂಡವಾಳ ಆಸ್ತಿಯೇ ಅಲ್ಲ. ಮಾರಿದ ಲಾಭಕ್ಕೆ ಬಂಡವಾಳ ಲಾಭದ ತೆರಿಗೆಯೂ ಇಲ್ಲ. ಕೃಷಿಯೇತರ ಬಳಕೆಗೆ ಭೂಪರಿವರ್ತನೆ ಆಗಿದ್ದರೆ ಮಾತ್ರ ಈ ಲೆಕ್ಕವನ್ನು ನಂಬಬೇಡಿ. ಪಹಣಿಯ ಬೆಳೆ ವಿವರದ ಕಾಲಂನಲ್ಲಿ ವರ್ಷಗಟ್ಟಲೆ ರಾಗಿ, ಜೋಳ ಏನೂ ಕಾಣದೆ ಬರೀ ಬೀಳು ಎಂದಿದ್ದರೆ, ಅದು ಕೃಷಿಭೂಮಿ ಎಂದು ತೆರಿಗೆ ಅಧಿಕಾರಿಯನ್ನು ಒಪ್ಪಿಸುವುದೂ ಕಷ್ಟ.