ಕಾಲು ನಾರುತ್ತಿದ್ದರೆ ದಾಳಿಂಬೆ ಸಿಪ್ಪೆ ಕುದಿಸಿ

ಬೂಟು ಬಿಚ್ಚಿದರೆ ಪಕ್ಕದವರು ಮೂಗು ಮುಚ್ಚಿಕೊಳ್ಳುವಂತಿದ್ದರೆ ದಾಳಿಂಬೆ ಸಿಪ್ಪೆ ಎಸೆಯಬೇಡಿ. ವಿಜಯಪುರ, ಬಾಗಲಕೋಟೆ ಕಡೆ ನಮಗೆ ಅದಕ್ಕೇನು ಬರ, ಅಲ್ವಾ? ಎರಡು ಹಣ್ಣಿನ ಸಿಪ್ಪೆಯನ್ನು ಒಂದು ಲೀಟರ್ ನೀರಲ್ಲಿ 15 ನಿಮಿಷ ಕುದಿಸಿ, ಸೋಸಿ, ಉಗುರು ಬೆಚ್ಚಗಾದ ಮೇಲೆ ರಾತ್ರಿ ಕಾಲು ಅದ್ದಿ 20 ನಿಮಿಷ ಕೂತುಕೊಳ್ಳಿ. ಬೆವರಿಗೆ ತನ್ನದೇ ವಾಸನೆ ಅಷ್ಟಾಗಿ ಇರಲ್ಲ, ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನು ತಿಂದಾಗಲೇ ನಾತ ಬರೋದು. ಸಿಪ್ಪೆಯ ಒಗರು, ಅಂದರೆ ಟ್ಯಾನಿನ್, ಚರ್ಮವನ್ನು ಸ್ವಲ್ಪ ಬಿಗಿ ಮಾಡುತ್ತದೆ, ಬ್ಯಾಕ್ಟೀರಿಯಾ ಬೆಳೆಯೋದನ್ನೂ ತಡೆಯುತ್ತದೆ. ದಾಳಿಂಬೆ ಚಿತ್ರ ಇರುವ ಸೋಪಿಂದ ಇದನ್ನು ನಿರೀಕ್ಷಿಸಬೇಡಿ. ಅದು ಚರ್ಮದ ಮೇಲೆ ನಿಲ್ಲೋದೇ ಅರ್ಧ ನಿಮಿಷ. ಕಬ್ಬಿಣದ ಪಾತ್ರೆ ಬೇಡ, ನೀರು ಕಪ್ಪಾಗುತ್ತದೆ. ಬಿಳಿ ಟವೆಲ್ಲೂ ಬೇಡ, ಹಳದಿ ಕಲೆ ಸುಲಭಕ್ಕೆ ಹೋಗಲ್ಲ. ಬೆರಳ ಸಂದಿಯಲ್ಲಿ ತುರಿಕೆ, ಬಿಳಿ ಪೊರೆ ಇದ್ದರೆ ಅದು ಬಹುಶಃ ಫಂಗಸ್, ಇದನ್ನು ನಂಬಿ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಕಾಲು ಒಡೆದಿದ್ದರೆ, ಗಾಯ ಇದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಕಾಲು ನೆನೆಸೋದೇ ಬೇಡ. ಉಳಿದ ನೀರನ್ನು ಬಾಟಲಿಗೆ ತುಂಬಿಡಬೇಡಿ, ನಮ್ಮ ಬಿಸಿಲಿಗೆ ಬೇಗ ಹಳಸುತ್ತದೆ. ಸಿಪ್ಪೆಯನ್ನೇ ಒಣಗಿಸಿ ಡಬ್ಬಿಯಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ.