ಪಂಪ್‌ಹೌಸ್‌ಗೆ ಹೋಗದೆ ಫರ್ಮ್‌ವೇರ್ ಬದಲಿಸುವುದು: ನನ್ನ ಅನುಭವ

ನಮ್ಮ ಕಡೆಯ ಕೆಲವು ಅಡಿಕೆ ತೋಟಗಳಿಗೆ ಬೋರ್‌ವೆಲ್ ಮೋಟರ್ ಕಂಟ್ರೋಲರ್ ಮಾಡಿಕೊಟ್ಟಿದ್ದೇನೆ. ಒಳಗಿರುವುದು ಇಎಸ್‌ಪಿ32 ಎಂಬ ಚಿಪ್, 4ಜಿ ಮೋಡೆಮ್, ಚಿಕ್ಕ ಬ್ಯಾಟರಿ. ಆ ಚಿಪ್‌ನಲ್ಲಿ ಓಡುವ ಪ್ರೋಗ್ರಾಂ ಫರ್ಮ್‌ವೇರ್. ಒಂದು ಸಾಲು ಕೋಡ್ ಬದಲಾದಾಗಲೆಲ್ಲ ಲ್ಯಾಪ್‌ಟಾಪ್ ಹೊತ್ತುಕೊಂಡು ತೋಟ ಸುತ್ತುವುದು ಆಗದ ಮಾತು. ಹಾಗಾಗಿ ಎಲ್ಲವೂ ಓಟಿಎ (ಓವರ್ ದಿ ಏರ್), ಅಂದರೆ ಕೇಬಲ್ ಇಲ್ಲದೆ ನೆಟ್‌ವರ್ಕ್‌ನಲ್ಲೇ ಅಪ್‌ಡೇಟ್.

ಒಂದೇ ವೈಫೈನಲ್ಲಿದ್ದರೆ ಲ್ಯಾಪ್‌ಟಾಪಿನಿಂದ ನೇರವಾಗಿ ಫೈಲ್ ಕಳಿಸಬಹುದು, ಸುಲಭ. ಸಿಮ್ ಹಾಕಿದ ಮೇಲೆ ಆ ಆಟ ನಡೆಯಲ್ಲ. ಎಷ್ಟೋ ಸಿಮ್‌ಗಳು ಒಂದೇ ಐಪಿ ವಿಳಾಸದ ಹಿಂದೆ ಇರುತ್ತವೆ, ಹೊರಗಿನಿಂದ ಡಿವೈಸ್ ಸಿಗುವುದೇ ಇಲ್ಲ. ಅದಕ್ಕೇ ಡಿವೈಸೇ ಸರ್ವರ್‌ಗೆ ಎಚ್‌ಟಿಟಿಪಿಎಸ್‌ನಲ್ಲಿ ಹೋಗಿ ಹೊಸ ವರ್ಷನ್ ಇದೆಯಾ ಎಂದು ಕೇಳುತ್ತದೆ.

ಯಾವಾಗ ಕೇಳಬೇಕು? ತ್ರೀ ಫೇಸ್ ಹೋದಾಗ! ವಿಚಿತ್ರ ಅನಿಸಬಹುದು, ಅಲ್ವಾ? ಅಪ್‌ಡೇಟ್ ಮುಗಿದರೆ ಚಿಪ್ ರೀಸ್ಟಾರ್ಟ್ ಆಗಬೇಕು, ಆಗ ರಿಲೇ ಬಿಟ್ಟುಕೊಂಡು ಮೋಟರ್ ನಿಲ್ಲುತ್ತದೆ. ನೀರು ಬಿಡುವ ಹೊತ್ತಲ್ಲಿ ಹಾಗಾದರೆ ತೋಟದವರು ಸುಮ್ನೆ ಬಿಡುತ್ತಾರಾ? ಕರೆಂಟ್ ಇಲ್ಲದಾಗ ಮೋಟರ್ ಹೇಗೂ ಓಡಲ್ಲ. ಬ್ಯಾಟರಿಯಲ್ಲಿ ಸಾಕಷ್ಟು ವೋಲ್ಟೇಜ್ ಇದ್ದರೆ ಮಾತ್ರ ಡೌನ್‌ಲೋಡ್ ಶುರು.

4 ಎಂಬಿ ಫ್ಲ್ಯಾಶ್ ಮೆಮೊರಿಯಲ್ಲಿ ಫರ್ಮ್‌ವೇರಿಗೆ ಎರಡು ಸ್ಲಾಟ್. ಹೊಸದನ್ನು ಖಾಲಿ ಸ್ಲಾಟಿಗೆ ಬರೆಯುತ್ತದೆ, ಓಡುತ್ತಿರುವುದನ್ನು ಮುಟ್ಟುವುದಿಲ್ಲ. ಯಾವ ಸ್ಲಾಟಿನಿಂದ ಬೂಟ್ ಆಗಬೇಕು ಎಂಬುದು ಓಟಿಎ ಡೇಟಾ ಎಂಬ 8 ಕೆಬಿ ಜಾಗದಲ್ಲಿರುತ್ತದೆ. ಅದೂ ಎರಡು ಸೆಕ್ಟರ್ (ಭಾಗ): ಒಂದನ್ನು ಬರೆಯುವಾಗ ಪವರ್ ಹೋದರೆ ಇನ್ನೊಂದು ಉಳಿದಿರುತ್ತದೆ.

ಇಷ್ಟು ಇಎಸ್‌ಪಿ-ಐಡಿಎಫ್ (ಚಿಪ್ ಕಂಪನಿಯದೇ ಸಾಫ್ಟ್‌ವೇರ್ ಕಿಟ್) ಕೊಡುತ್ತದೆ. ತಲೆ ಓಡಿಸಬೇಕಾದದ್ದು ರೋಲ್‌ಬ್ಯಾಕ್‌ನಲ್ಲಿ, ಅಂದರೆ ಹೊಸದು ಕೆಟ್ಟರೆ ಹಳೆಯದಕ್ಕೆ ಮರಳುವುದರಲ್ಲಿ. ಹೊಸ ಫರ್ಮ್‌ವೇರ್ ಮೊದಲ ಬೂಟ್‌ನಲ್ಲಿ 'ಇನ್ನೂ ಪಾಸಾಗಿಲ್ಲ' ಎಂಬ ಸ್ಥಿತಿಯಲ್ಲಿರುತ್ತದೆ. ಕೋಡ್ ತಾನೇ 'ಸರಿ ಇದೆ' ಎಂದು ಗುರುತು ಹಾಕುವ ಮೊದಲು ರೀಸೆಟ್ ಆದರೆ ಬೂಟ್‌ಲೋಡರ್ (ಫರ್ಮ್‌ವೇರಿಗೂ ಮೊದಲು ಓಡುವ ಚಿಕ್ಕ ಪ್ರೋಗ್ರಾಂ) ಹಳೆಯದಕ್ಕೆ ಮರಳುತ್ತದೆ. ತುಂಬ ಜನ ಈ ಗುರುತನ್ನು ಬೂಟ್ ಆದ ಕೂಡಲೇ ಹಾಕಿಬಿಡುತ್ತಾರೆ. ಹಾಗೆ ಮಾಡಿದರೆ ರೋಲ್‌ಬ್ಯಾಕ್ ಇದ್ದೂ ಇಲ್ಲದಂತೆ. ನಾನು ಮೋಡೆಮ್ ನೆಟ್‌ವರ್ಕ್ ಹಿಡಿದು, ಅಪ್‌ಡೇಟ್ ಸರ್ವರ್‌ನಿಂದಲೇ ಉತ್ತರ ಬಂದ ಮೇಲೆ ಮಾತ್ರ ಹಾಕುತ್ತೇನೆ. ಬೇರೆ ಏನು ಕೆಟ್ಟರೂ ಮುಂದಿನ ಅಪ್‌ಡೇಟ್‌ನಲ್ಲಿ ಸರಿಮಾಡಬಹುದು, ಆ ದಾರಿಯೇ ಮುಚ್ಚಿದರೆ ಕೇಬಲ್ ಹಿಡಿದು ಹೋಗಲೇಬೇಕು. 10 ನಿಮಿಷದೊಳಗೆ ಉತ್ತರ ಬಾರದಿದ್ದರೆ ತಾನೇ ರೀಸ್ಟಾರ್ಟ್. ಸಿಗ್ನಲ್ ಸರಿಯಿಲ್ಲದ ದಿನ ಒಳ್ಳೆಯ ಫರ್ಮ್‌ವೇರ್ ಕೂಡ ವಾಪಸ್ ಹೋಗಬಹುದು. ಹೋಗಲಿ ಬಿಡಿ, ಸ್ವಲ್ಪ ಡೇಟಾ ಜಾಸ್ತಿ ಖರ್ಚು, ಅಷ್ಟೇ.

ರೋಲ್‌ಬ್ಯಾಕ್ ಬೂಟ್‌ಲೋಡರ್‌ನ ಕೆಲಸ. ಅದನ್ನೂ ಪಾರ್ಟಿಷನ್ ಟೇಬಲನ್ನೂ (ಫ್ಲ್ಯಾಶ್‌ನಲ್ಲಿ ಯಾವುದು ಎಲ್ಲಿದೆ ಎಂಬ ಪಟ್ಟಿ) ಡಬ್ಬ ಮುಚ್ಚುವ ಮೊದಲೇ ಸರಿಯಾಗಿ ಹಾಕಿರಬೇಕು.

ವಾಪಸ್ ಬಂದ ವರ್ಷನ್ ನಂಬರ್, ಎಷ್ಟು ಸಲ ಬಂತು ಎಂಬ ಲೆಕ್ಕ ಎನ್‌ವಿಎಸ್‌ನಲ್ಲಿ (ಪವರ್ ಹೋದರೂ ಅಳಿಯದ ಜಾಗದಲ್ಲಿ) ಇರುತ್ತದೆ. 3 ಸಲ ಬಂದರೆ ಅದನ್ನು ಮತ್ತೆ ಇಳಿಸುವುದಿಲ್ಲ. ಮತ್ತೆ, ಯಾವ ವರ್ಷನ್ ಆದರೂ ಮೊದಲು ಹೋಗುವುದು ನಮ್ಮದೇ ತೋಟದ ಡಬ್ಬಕ್ಕೆ. ಅಲ್ಲಿ ಮೋಟರ್ ಒಮ್ಮೆ ಸರಿಯಾಗಿ ಓಡಿ ನಿಂತ ಮೇಲೆ ಉಳಿದವರಿಗೆ.